ಹಳೇ ಸಿನಿಮಾ ತೊಳೆಯಿರಿ, ಮುಖ ಅಳಿಸಬೇಡಿ

ಮಾನ್ಯ ಸಂಪಾದಕರೇ,

ಹಳೇ ಸಿನಿಮಾಗಳಿಗೆ ಎ.ಐ.ನಿಂದ ಹೊಸ ಜೀವ ಬರುತ್ತಿದೆ ಅಂತ ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಎಂಬತ್ತರ ದಶಕದ ಸೈನ್ಸ್ ಫಿಕ್ಷನ್ ಸಿನಿಮಾಗಳು 4ಕೆ ಅನ್ನುವ ತುಂಬಾ ಸ್ಪಷ್ಟ ಚಿತ್ರದ ಡಿಸ್ಕ್‌ನಲ್ಲಿ ನಿನ್ನೆ ಮೊನ್ನೆ ಶೂಟಿಂಗ್ ಮಾಡಿದ ಹಾಗೆ ಕಾಣುತ್ತವೆ ಎಂದು ಬರೆದವರು ಖುಷಿಪಟ್ಟಿದ್ದಾರೆ. ನನ್ನ ತಕರಾರು ಇರುವುದೇ ಅಲ್ಲಿ. 1986ರಲ್ಲಿ ತೆಗೆದ ಸಿನಿಮಾ ನಿನ್ನೆ ಮೊನ್ನೆ ತೆಗೆದ ಹಾಗೆ ಯಾಕೆ ಕಾಣಬೇಕು? 1986ರ ಸಿನಿಮಾದ ಹಾಗೆ ಕಂಡರೆ ಸಾಕಲ್ವಾ? ಈ ಪ್ರಶ್ನೆ ಈಗ ನಮ್ಮ ಕನ್ನಡ ಸಿನಿಮಾಗಳ ಬಾಗಿಲಿಗೂ ಬಂದಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಕನ್ನಡದ ವಿಷಯ ಇರುವ ಕೊನೆಯ ಭಾಗವನ್ನಾದರೂ ಹಾಕಿ.

ನಾವು ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ಕೆಲವರು ಬಿಡುವಾದಾಗ ಒಬ್ಬರ ಮನೆಯಲ್ಲಿ ಸೇರಿ ಹಳೇ ಸೈನ್ಸ್ ಫಿಕ್ಷನ್ ಸಿನಿಮಾ ನೋಡುತ್ತೇವೆ. ಕಾಫಿ ತೋಟದವರು, ಮೇಷ್ಟ್ರು, ಎಂಜಿನಿಯರಿಂಗ್ ಓದುವ ಹುಡುಗರು, ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿ ರಿಟೈರ್ ಆದ ಒಬ್ಬ ಹಿರಿಯರು, ಎಲ್ಲರೂ ಇದ್ದಾರೆ. ಹಾಸನದವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳಿದವರಿಗೆ ನಾನು ಸಾಲಗಾಮೆ ರಸ್ತೆ ತೋರಿಸುತ್ತೇನೆ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್. ನಮ್ಮೂರಿನಲ್ಲಿದೆ. ಉಪಗ್ರಹಗಳ ಜೊತೆ ಮಾತಾಡುವ ಆ ದೊಡ್ಡ ಬಿಳಿ ಆಂಟೆನಾಗಳನ್ನು ನೋಡಿಕೊಂಡೇ ಬೆಳೆದವರಿಗೆ ಬಾಹ್ಯಾಕಾಶದ ಕಥೆ ದೂರದ ಸಂಗತಿ ಅನ್ನಿಸುವುದಿಲ್ಲ. ಡಿಸ್ಕ್‌ಗಳನ್ನು ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಎಲ್ಲ ಸೇರಿ ಒಂದೊಂದಕ್ಕೆ ಸಾವಿರಗಟ್ಟಲೆ ಬೀಳುತ್ತದೆ, ಹಾಗಾಗಿ ಒಳಗೆ ಇರುವುದು ನಿಜವಾದ ಸಿನಿಮಾನಾ ಅಲ್ವಾ ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ.

ಮೊದಲು ಗ್ರೇನ್ ವಿಷಯ. ಫಿಲ್ಮ್ ಅಂದರೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು ಹಚ್ಚಿದ ಪಟ್ಟಿ. ಬೆಳಕು ಬಿದ್ದ ಕಡೆ ಆ ಹರಳುಗಳು ಬದಲಾಗುತ್ತವೆ, ಲ್ಯಾಬಿನಲ್ಲಿ ತೊಳೆದಾಗ ಚಿತ್ರ ಮೂಡುತ್ತದೆ. ಕಲರ್ ಫಿಲ್ಮ್‌ನಲ್ಲಿ ಬೆಳ್ಳಿ ಹೋಗಿ ಅದರ ಜಾಗದಲ್ಲಿ ಬಣ್ಣದ ಚುಕ್ಕಿ ಉಳಿಯುತ್ತದೆ. ಪರದೆ ಮೇಲೆ ಸಣ್ಣಗೆ ಕುಣಿಯುತ್ತಾ ಕಾಣುವುದು ಇದೇ. ಅಂದರೆ ಚಿತ್ರದ ಮೇಲೆ ಗ್ರೇನ್ ಬಂದು ಕೂತಿಲ್ಲ, ಗ್ರೇನ್‌ನಿಂದಲೇ ಚಿತ್ರ ಆಗಿದೆ. ಧೂಳು, ಗೀರು, ಫಂಗಸ್, ಕಿತ್ತುಹೋದ ಜಾಯಿಂಟು, ಇವೆಲ್ಲ ಆಮೇಲೆ ಬಂದವು. ಅವನ್ನು ತೆಗೆಯಲಿ, ಯಾವ ಅಭಿಮಾನಿಯೂ ಬೇಡ ಅನ್ನುವುದಿಲ್ಲ. ಆದರೆ ಗ್ರೇನ್ ತೆಗೆಯುವ ಸಾಫ್ಟ್‌ವೇರ್‌ಗೆ ಯಾವುದು ಗ್ರೇನ್, ಯಾವುದು ಕೆನ್ನೆ ಮೇಲಿನ ಸಣ್ಣ ರಂಧ್ರ, ಯಾವುದು ಬಟ್ಟೆಯ ನೇಯ್ಗೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಜೋರಾಗಿ ಬಿಟ್ಟರೆ ಎಲ್ಲವನ್ನೂ ಒಟ್ಟಿಗೇ ಒರೆಸಿಬಿಡುತ್ತದೆ. ಮಂಕಾಯಿತು ಅಂತ ಆಮೇಲೆ ಶಾರ್ಪ್ ಮಾಡುತ್ತಾರೆ, ಆಗ ಅಂಚುಗಳ ಸುತ್ತ ಒಂದು ಬಿಳಿ ಗೆರೆ ಹುಟ್ಟಿಕೊಳ್ಳುತ್ತದೆ.

ಇದಕ್ಕೆ ಅಭಿಮಾನಿಗಳೆಲ್ಲ ಕೊಡುವ ಉದಾಹರಣೆ 1987ರ ‘ಪ್ರಿಡೇಟರ್’. ಕಾಡು, ಸೆಕೆ, ಬೆವರು, ಕೆಸರು, ಆ ಸಿನಿಮಾದ ಬಲ ಇರುವುದೇ ಇವುಗಳಲ್ಲಿ. 2010ರಲ್ಲಿ ಬಂದ ಅದರ ಎರಡನೇ ಬ್ಲೂ-ರೇ (4ಕೆಗೆ ಮುಂಚಿನ ಎಚ್.ಡಿ. ಡಿಸ್ಕ್) ಹಾಕಿ, ಶ್ವಾರ್ಜನೆಗರ್ ಮುಖ ಹತ್ತಿರದಿಂದ ತೋರಿಸುವ ಯಾವುದಾದರೂ ಶಾಟ್‌ನಲ್ಲಿ ನಿಲ್ಲಿಸಿ ನೋಡಿ. ಮುಖಕ್ಕೆ ಬಳಿದ ಬಣ್ಣ ಇದೆ, ಬೆವರಿನ ಹೊಳಪು ಇದೆ, ಚರ್ಮ ಮಾತ್ರ ಇಲ್ಲ. ಕೆನ್ನೆ ನುಣ್ಣಗೆ ಮೇಣದ ಹಾಗೆ ಆಗಿದೆ, ಹಿಂದಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡಿವೆ. 2018ರ 4ಕೆ ಡಿಸ್ಕ್‌ನಲ್ಲಿ ಅದೇ ಶಾಟ್‌ಗೆ ಬನ್ನಿ. ಗ್ರೇನ್ ವಾಪಸ್ ಬಂದಿದೆ, ಅದರ ಜೊತೆ ಮನುಷ್ಯನೂ ವಾಪಸ್ ಬಂದಿದ್ದಾನೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸಿದಾಗ ನಮ್ಮ ಪ್ರೊಜೆಕ್ಟರ್ ಹಿರಿಯರು, ಮೊದಲನೆಯದರಲ್ಲಿ ಲೈಟಿಂಗ್ ಮಾಡಿದವನ ಕೆಲಸವೇ ಕಾಣುವುದಿಲ್ಲ ಅಂದರು. ಅವರು ಹೇಳಿದ್ದು ಸರಿ. ನೆರಳಿನಲ್ಲಿ ಏನೋ ಇದೆ ಅನ್ನಿಸುವುದು ಆ ಒರಟುತನದಿಂದಲೇ. ಅದನ್ನು ಒರೆಸಿದರೆ ಭಯವೂ ಹೋಗುತ್ತದೆ.

ಒಂದು ಸಲ ಬೈಸಿಕೊಂಡ ಮೇಲೆ ಕಂಪನಿಗಳು ಬುದ್ಧಿ ಕಲಿತವು ಅಂದುಕೊಂಡಿದ್ದೆವು. ಆದರೆ 2017ರಲ್ಲಿ ‘ಟರ್ಮಿನೇಟರ್ 2’ ಬಂತು. ತ್ರೀಡಿ ಬಿಡುಗಡೆಗಾಗಿ ಗ್ರೇನ್ ತೆಗೆದು ತಯಾರಿಸಿದ ಮಾಸ್ಟರನ್ನೇ (ಡಿಸ್ಕ್ ಮಾಡಲು ಇಟ್ಟುಕೊಳ್ಳುವ ಮೂಲ ಪ್ರತಿ) 4ಕೆ ಡಿಸ್ಕ್‌ಗೂ ಬಳಸಿದರು. 2024ರಲ್ಲಿ ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’, ‘ದಿ ಅಬಿಸ್’, ‘ಟ್ರೂ ಲೈಸ್’ ಮೂರೂ ಒಟ್ಟಿಗೆ ಬಂದವು. ಇವಕ್ಕೆ ಎ.ಐ., ಅಂದರೆ ತಾನೇ ಕಲಿಯುವ ಸಾಫ್ಟ್‌ವೇರ್ ಬಳಸಿ ಗ್ರೇನ್ ತೆಗೆದು, ವಿವರ ಸೇರಿಸಿದ್ದಾರೆ. ‘ದಿ ಅಬಿಸ್’ ಸಿನಿಮಾಕ್ಕೆ ಒಳ್ಳೆಯ ಡಿಸ್ಕ್ ಸಿಗದೆ ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದರು, ಅದು ಕೈಗೆ ಬಂದಿದ್ದೇ ಖುಷಿ, ಮೂರರಲ್ಲಿ ಅದೇ ಪರವಾಗಿಲ್ಲ ಅನ್ನುವುದು ನಮ್ಮ ಗುಂಪಿನ ಅಭಿಪ್ರಾಯ. ‘ಟ್ರೂ ಲೈಸ್’ ನೋಡಲಾಗುವುದಿಲ್ಲ. ‘ಏಲಿಯನ್ಸ್’ ಬಗ್ಗೆ ಮಾತ್ರ ಜಗಳ ಇನ್ನೂ ನಿಂತಿಲ್ಲ.

ಆ ಕಡೆಯವರ ಮಾತನ್ನೂ ಹೇಳಲೇಬೇಕು. ನಮ್ಮಲ್ಲೇ ಇರುವ ಎಂಜಿನಿಯರಿಂಗ್ ಹುಡುಗ ಒಬ್ಬ ಹೊಸ ‘ಏಲಿಯನ್ಸ್’ ಡಿಸ್ಕ್ ಪರ. ಅವನ ವಾದ ಹೀಗಿದೆ: ಆ ಸಿನಿಮಾ ತೆಗೆದ ಫಿಲ್ಮ್ ಸ್ಟಾಕೇ ಜಾಸ್ತಿ ಗ್ರೇನ್ ಇದ್ದದ್ದು, ನಿರ್ದೇಶಕರಿಗೇ ಅದು ಇಷ್ಟ ಇರಲಿಲ್ಲ, ಈಗ ಅವರೇ ಕೂತು ಸರಿಮಾಡಿಸಿದ್ದಾರೆ, ನೀವ್ಯಾರು ಬೇಡ ಅನ್ನುವುದಕ್ಕೆ? ಅವನು ಹುಟ್ಟಿದಾಗಿನಿಂದ ಡಿಜಿಟಲ್ ಕ್ಯಾಮೆರಾದ ಚಿತ್ರಗಳನ್ನೇ ನೋಡಿದ್ದಾನೆ, ದೊಡ್ಡ ಟೀವಿಯಲ್ಲಿ ಗ್ರೇನ್ ಅವನಿಗೆ ಕೊಳೆ ಥರ ಕಾಣುತ್ತದೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ನಿರ್ದೇಶಕರಿಗೆ ತಮ್ಮ ಸಿನಿಮಾ ಮತ್ತೆ ಮುಟ್ಟುವ ಹಕ್ಕು ಇದೆ ಅನ್ನುವುದನ್ನೂ ಒಪ್ಪುತ್ತೇನೆ. ನಾನು ಒಪ್ಪದಿರುವುದು ಒಂದೇ: ಹೊಸದು ಬಂದ ಮೇಲೆ ಹಳೆಯದು ಸಿಗದ ಹಾಗೆ ಮಾಡುವುದು. ಹೊಸದನ್ನು ಮಾಡಿ, ಹಳೆಯದನ್ನು ಪಕ್ಕದಲ್ಲೇ ಇಡಿ, ಯಾವುದು ಬೇಕೋ ಅದನ್ನು ನೋಡುವವರು ಆರಿಸಿಕೊಳ್ಳಲಿ. ನನ್ನ ಇಡೀ ಪತ್ರ ಇದಕ್ಕಾಗಿಯೇ.

ಹೀಗೆ ಮಾಡಿದವರು ಇಲ್ಲದೇ ಇಲ್ಲ. 1982ರ ‘ಬ್ಲೇಡ್ ರನ್ನರ್’ ನೋಡಿ. 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಅದರ ಫೈನಲ್ ಕಟ್, ಅಂದರೆ ತಮ್ಮ ಕೊನೆಯ ಆವೃತ್ತಿ ತಂದಾಗ ಎಷ್ಟೊಂದು ತಿದ್ದಿದರು. ಹಾರುವ ಕಾರನ್ನು ಎತ್ತಿ ಹಿಡಿದ ಕೇಬಲ್‌ಗಳನ್ನು ಅಳಿಸಿದರು. ಜೋರಾ ಅನ್ನುವ ಪಾತ್ರ ಗಾಜು ಒಡೆದುಕೊಂಡು ಓಡುವ ದೃಶ್ಯದಲ್ಲಿ ವಿಗ್ ಹಾಕಿದ ಡ್ಯೂಪ್‌ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಅಲ್ಲಿಗೆ ನಟಿ ಜೊವಾನಾ ಕ್ಯಾಸಿಡಿ ಅವರನ್ನೇ ಇಪ್ಪತ್ತೈದು ವರ್ಷದ ಮೇಲೆ ಕರೆಸಿ ಮುಖ ಸೇರಿಸಿದರು. ಕೊನೆಯಲ್ಲಿ ಪಾರಿವಾಳ ಹಾರಿಹೋಗುವ ನೀಲಿ ಆಕಾಶವನ್ನು ಮಳೆಗತ್ತಲ ಆಕಾಶ ಮಾಡಿದರು. ಬಣ್ಣ ಸ್ವಲ್ಪ ಹಸಿರಿಗೆ ತಿರುಗಿತು ಅಂತ ಗೊಣಗುವವರು ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೂ ಈ ಸಿನಿಮಾದ ವಿಷಯದಲ್ಲಿ ಯಾರಿಗೂ ಹೊಟ್ಟೆಯುರಿ ಇಲ್ಲ. ಯಾಕೆಂದರೆ ಐದು ಡಿಸ್ಕಿನ ಆ ಪೆಟ್ಟಿಗೆಯಲ್ಲಿ 1982ರ ಅಮೆರಿಕದ ಪ್ರತಿ, ಹೊರದೇಶಗಳ ಪ್ರತಿ, 1992ರ ಡೈರೆಕ್ಟರ್ಸ್ ಕಟ್, ಕೊನೆಗೆ ಬಿಡುಗಡೆಗೆ ಮುಂಚೆ ಪರೀಕ್ಷೆಗೆ ತೋರಿಸಿದ ವರ್ಕ್‌ಪ್ರಿಂಟ್ ಕೂಡ ಇದ್ದವು. 1977ರ ‘ಕ್ಲೋಸ್ ಎನ್‌ಕೌಂಟರ್ಸ್’ ಸಿನಿಮಾದ ಮೂರು ಆವೃತ್ತಿಗಳೂ ಹೀಗೇ ಒಟ್ಟಿಗೆ ಸಿಗುತ್ತವೆ. ಹಳೇ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ 2006ರಿಂದ ಹೊಸ ಕಂಪ್ಯೂಟರ್ ದೃಶ್ಯ ಸೇರಿಸಿದರು, ಬ್ಲೂ-ರೇಯಲ್ಲಿ ಹಳೇ ದೃಶ್ಯ ಬೇಕಾದರೆ ಅದಕ್ಕೂ ಆಯ್ಕೆ ಕೊಟ್ಟರು. ಸ್ಪೀಲ್‌ಬರ್ಗ್ 2002ರಲ್ಲಿ ‘ಇ.ಟಿ.’ಯ ಪೊಲೀಸರ ಕೈಯಲ್ಲಿದ್ದ ಬಂದೂಕು ಅಳಿಸಿ ವಾಕಿಟಾಕಿ ಇಟ್ಟಿದ್ದರು. ಆಮೇಲೆ ಅದು ಅವರಿಗೇ ಸರಿ ಕಾಣಲಿಲ್ಲ, 2012ರ ಬ್ಲೂ-ರೇಯಲ್ಲಿ 1982ರ ಸಿನಿಮಾವನ್ನೇ ವಾಪಸ್ ಕೊಟ್ಟರು. ದೊಡ್ಡತನ ಅಂದರೆ ಅದು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು 1927ರ ‘ಮೆಟ್ರೊಪೊಲಿಸ್’ ಸಿನಿಮಾಕ್ಕೆ ಮಾಡಿದ ಕೆಲಸ. ಫ್ರಿಟ್ಜ್ ಲಾಂಗ್ ಅವರ ಈ ಮೂಕಿ ಚಿತ್ರವನ್ನು ಬಿಡುಗಡೆಯಾದ ಮೇಲೆ ಕತ್ತರಿಸಿ ಕತ್ತರಿಸಿ ಹಾಳುಮಾಡಿದ್ದರು. ಕಳೆದುಹೋಯಿತು ಅಂದುಕೊಂಡಿದ್ದ ಭಾಗ 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಸಿಕ್ಕಿತು, ಅದೂ 16 ಎಂ.ಎಂ. ಪ್ರತಿಯಲ್ಲಿ, ಮೈತುಂಬ ಗೀರು. ಸುಮಾರು 25 ನಿಮಿಷದಷ್ಟು ಸೇರಿಸಿ 2010ರಲ್ಲಿ ಹೊಸ ಪ್ರತಿ ತಂದರು. ಸಿನಿಮಾ ನೋಡುತ್ತಾ ಹೋದರೆ ನುಣ್ಣನೆಯ 35 ಎಂ.ಎಂ. ಚಿತ್ರದ ನಡುವೆ ಇದ್ದಕ್ಕಿದ್ದಂತೆ ಮಳೆ ಸುರಿದಂಥ ಗೀರುಗಳು ಬರುತ್ತವೆ, ಚೌಕಟ್ಟು ಚಿಕ್ಕದಾಗುತ್ತದೆ, ಸಿಗದ ಅಂಚಿನ ಜಾಗದಲ್ಲಿ ಕಪ್ಪು ಪಟ್ಟಿ ಇರುತ್ತದೆ. ಕಂಪ್ಯೂಟರಿನಲ್ಲಿ ಆದಷ್ಟು ತೊಳೆದಿದ್ದಾರೆ, ಆಗದ್ದನ್ನು ಹಾಗೇ ಬಿಟ್ಟಿದ್ದಾರೆ, ಇಲ್ಲದ ಅಂಚನ್ನು ಹುಟ್ಟಿಸಲು ಹೋಗಿಲ್ಲ. ನಮ್ಮ ಹಳೇಬೀಡಿನ ಗೋಡೆಗಳಲ್ಲೂ ಮೂಗು ಹೋದ, ಕೈ ಮುರಿದ ಮೂರ್ತಿಗಳು ಎಷ್ಟೋ ಇವೆ. ಅವಕ್ಕೆ ಸಿಮೆಂಟಿನ ಮೂಗು ಅಂಟಿಸಿದ್ದರೆ 2023ರಲ್ಲಿ ಯುನೆಸ್ಕೋದವರು ಪಟ್ಟಿಗೆ ಸೇರಿಸುತ್ತಿದ್ದರಾ? ಮುರಿದದ್ದು ಮುರಿದ ಹಾಗೇ ಇದೆ, ಉಳಿದದ್ದು ಉಳಿದ ಹಾಗೇ ಇದೆ, ಅದಕ್ಕೇ ಅದರ ಮೇಲೆ ನಮಗೆ ನಂಬಿಕೆ.

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ ಬಗ್ಗೆ ಎರಡು ಮಾತು. 1968ರ ಸಿನಿಮಾ, 65 ಎಂ.ಎಂ. ನೆಗೆಟಿವ್. 2018ರಲ್ಲಿ ಅದಕ್ಕೆ ಐವತ್ತು ತುಂಬಿದಾಗ ಈಗಿನ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಮುಂದೆ ನಿಂತು ಡಿಜಿಟಲ್ ತಿದ್ದುಪಡಿ ಒಂದೂ ಇಲ್ಲದ 70 ಎಂ.ಎಂ. ಪ್ರಿಂಟ್ ಹಾಕಿಸಿ ಕಾನ್ ಉತ್ಸವದಲ್ಲಿ ತೋರಿಸಿದರು. ಅದೇ ವರ್ಷ 4ಕೆ ಡಿಸ್ಕ್ ಕೂಡ ಬಂತು. ಪ್ರಿಂಟ್‌ನಲ್ಲಿ ಬಿಳಿ ಬಣ್ಣ ಸ್ವಲ್ಪ ಹಳದಿ, ಡಿಸ್ಕ್‌ನಲ್ಲಿ ಅಷ್ಟಿಲ್ಲ, ಯಾವುದು ಕುಬ್ರಿಕ್ ನೋಡಿದ ಬಿಳಿ ಅಂತ ಇವತ್ತಿಗೂ ವಾದ ನಡೆಯುತ್ತದೆ. ಇಂಥ ವಾದ ಒಳ್ಳೆಯದು, ಇಬ್ಬರ ಕೈಯಲ್ಲೂ ಸಿನಿಮಾ ಇದೆ. ಆ ಡಿಸ್ಕ್ ನೋಡಿ ನಮ್ಮ ಗುಂಪಿನಲ್ಲಿ ಯಾರೂ ಒಂದು ತಕರಾರೂ ಎತ್ತಲಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಜಗಳಕ್ಕೆ ಬರುತ್ತೇನೆ. 1977ರಲ್ಲಿ ಥಿಯೇಟರಿಗೆ ಬಂದ ‘ಸ್ಟಾರ್ ವಾರ್ಸ್’. ಜಾರ್ಜ್ ಲ್ಯೂಕಸ್ 1997ರಲ್ಲಿ ಅದಕ್ಕೆ ಹೊಸ ದೃಶ್ಯ ಸೇರಿಸಿದರು, 2004ರಲ್ಲಿ ಮತ್ತೆ ಮುಟ್ಟಿದರು, 2011ರಲ್ಲಿ ಮತ್ತೆ, 2019ರಲ್ಲಿ ಹೊರಬಂದ ಪ್ರತಿಯಲ್ಲೂ ಬದಲಾವಣೆ ಇತ್ತು. 1977ರ ಪ್ರತಿಯಲ್ಲಿ, ಕ್ಯಾಂಟೀನ್ ಥರದ ಒಂದು ಜಾಗದಲ್ಲಿ, ನಾಯಕರಲ್ಲೊಬ್ಬ ಹಾನ್ ಸೋಲೋ ಎದುರು ಕೂತವನಿಗೆ ತಾನೇ ಮೊದಲು ಗುಂಡು ಹೊಡೆಯುತ್ತಾನೆ. ಅವನು ಎಂಥ ಮನುಷ್ಯ ಅಂತ ಆ ಒಂದು ಗುಂಡಿನಲ್ಲೇ ಗೊತ್ತಾಗಿಬಿಡುತ್ತದೆ. 1997ರ ಪ್ರತಿಯಲ್ಲಿ ಎದುರಿನವನು ಮೊದಲು ಹೊಡೆಯುತ್ತಾನೆ. ಅಷ್ಟೇ ತಾನೇ ಅನ್ನಬಹುದು. ಆದರೆ ಆ ಪಾತ್ರ ಸ್ವಾರ್ಥಿಯಿಂದ ಒಳ್ಳೆಯವನಾಗುವ ದಾರಿಯ ಮೊದಲ ಹೆಜ್ಜೆಯೇ ಹೋಯಿತಲ್ಲ. ಇಷ್ಟಾಗಿಯೂ 1977ರ ರೂಪದಲ್ಲಿ ಈ ಸಿನಿಮಾ ಬೇಕು ಅಂದರೆ ಕಂಪನಿಯಿಂದ ಸಿಕ್ಕ ಕೊನೆಯ ಡಿಸ್ಕ್ 2006ರ ಡಿ.ವಿ.ಡಿ. ಅದೂ 1993ರ ಲೇಸರ್ ಡಿಸ್ಕ್‌ಗೆ ಮಾಡಿದ ಹಳೇ ಮಾಸ್ಟರ್‌ನಿಂದ, ಬೋನಸ್ ಅಂತ ಕೊಟ್ಟದ್ದು. ಬ್ಲೂ-ರೇಯಲ್ಲಿ ಇದುವರೆಗೆ ಬಂದಿಲ್ಲ. ಅದಕ್ಕೇ ಅಭಿಮಾನಿಗಳು ಯಾರ್ಯಾರ ಹತ್ತಿರವೋ ಉಳಿದಿದ್ದ 35 ಎಂ.ಎಂ. ಪ್ರಿಂಟ್ ಹುಡುಕಿ, ಸ್ಕ್ಯಾನ್ ಮಾಡಿ, ಒಂದೊಂದೇ ಫ್ರೇಮ್ ತೊಳೆದು ತಾವೇ ಪ್ರತಿ ಮಾಡಿಕೊಂಡರು. ಕಾನೂನು ಅದಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೆ ಕಂಪನಿ ಮಾಡಬೇಕಾದ ಕೆಲಸವನ್ನು ಜನ ಮಾಡಿದ್ದಾರೆ. 2025ರ ಜೂನ್‌ನಲ್ಲಿ ಲಂಡನ್ನಿನ ಬಿ.ಎಫ್.ಐ. (ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್) ನವರು 1977ರ ಮೂಲ ಪ್ರಿಂಟನ್ನೇ ಪರದೆಗೆ ತಂದರು. ಆ ಸುದ್ದಿ ಓದಿ ನಮ್ಮವರಿಗೆ ಅಲ್ಲಿರಬೇಕಿತ್ತು ಅನ್ನಿಸಿದ್ದು ಸುಳ್ಳಲ್ಲ.

ಇಲ್ಲಿ ಕನ್ನಡದವರು ತಿಳಿಯಬೇಕಾದ ಒಂದು ಸಂಗತಿ ಇದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಅದೇ 1977ರಲ್ಲಿ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಬಂತು. ಕಪ್ಪು ಬಿಳುಪು, ಸ್ವರ್ಣ ಕಮಲ ಪಡೆದ ಸಿನಿಮಾ. ಅದನ್ನು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಸರಿಪಡಿಸಿ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದಕ್ಕೆ ಹಣ ಕೊಟ್ಟಿದ್ದು ಹಾಬ್ಸನ್/ಲ್ಯೂಕಸ್ ಫ್ಯಾಮಿಲಿ ಫೌಂಡೇಶನ್. ಹೌದು, ಅದೇ ಜಾರ್ಜ್ ಲ್ಯೂಕಸ್ ಕುಟುಂಬ. ನಮ್ಮ ಮಲೆನಾಡಿನ ಅಗ್ರಹಾರದ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ ಕೆಲಸ, ಕಪ್ಪು ಬಿಳುಪು ಕಪ್ಪು ಬಿಳುಪಾಗಿಯೇ ಉಳಿಯಿತು. ಇದಕ್ಕೆ ಅವರಿಗೆ ಕೈ ಮುಗಿಯುತ್ತೇನೆ. 1988ರಲ್ಲಿ ಹಳೇ ಸಿನಿಮಾಗಳಿಗೆ ಬಣ್ಣ ಬಳಿಯುವುದರ ವಿರುದ್ಧ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಮಾತಾಡಿದವರೂ ಲ್ಯೂಕಸ್ ಅವರೇ. ‘ಘಟಶ್ರಾದ್ಧ’ಕ್ಕೆ ಸಿಕ್ಕ ಮರ್ಯಾದೆ 1977ರ ‘ಸ್ಟಾರ್ ವಾರ್ಸ್’ಗೂ ಮನೆಯಲ್ಲಿ ನೋಡುವ ಡಿಸ್ಕ್‌ನಲ್ಲಿ ಸಿಗಲಿ ಅಂತ ಕೇಳುವುದು ತಪ್ಪಾ?

ಇನ್ನು ನಮ್ಮ ಕನ್ನಡದ ಕಥೆ. 1934ರ ‘ಸತಿ ಸುಲೋಚನ’, ನಮ್ಮ ಮೊದಲ ಟಾಕಿ, ಅದರ ಒಂದು ಪ್ರಿಂಟೂ ಉಳಿದಿಲ್ಲ. ಉಳಿದವುಗಳಲ್ಲಿ 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಜನ ಹೋದರು, ಶಿಳ್ಳೆ ಹೊಡೆದರು, ಅಣ್ಣಾವ್ರನ್ನು ದೊಡ್ಡ ಪರದೆ ಮೇಲೆ ನೋಡಿ ಕಣ್ಣೀರು ಹಾಕಿದರು. ಆ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಹಣ ಹಾಕಿದವರು ಪ್ರೀತಿಯಿಂದಲೇ ಹಾಕಿದ್ದಾರೆ. ಆದರೆ ‘ಕಸ್ತೂರಿ ನಿವಾಸ’ದ ಕೊನೆಯ ಭಾಗದಲ್ಲಿ ಮನೆ ಬರಿದಾಗುತ್ತಾ ಹೋಗುವಾಗ ಆ ಕಪ್ಪು ಬಿಳುಪಿನ ನೆರಳುಗಳೇ ಅರ್ಧ ದುಃಖ ಹೇಳುತ್ತವೆ. ಕಪ್ಪು ಬಿಳುಪಿಗೆ ಅಂತಲೇ ಲೈಟು ಇಟ್ಟು ತೆಗೆದ ಸಿನಿಮಾ ಅದು. ಬಣ್ಣದ ಪ್ರತಿ ನೋಡಿದ ಹುಡುಗರು ಅದನ್ನೇ ಮೂಲ ಅಂದುಕೊಂಡರೆ ನಷ್ಟ ಯಾರಿಗೆ? ಆ ಮೂಲ ಪ್ರತಿಯೂ ಅಷ್ಟೇ ಚೆನ್ನಾಗಿ ತೊಳೆದು ಸ್ಕ್ಯಾನ್ ಮಾಡಿ ಸಿಗಬೇಕು.

ಎ.ಐ. ಬಂದ ಮೇಲೆ ಇದು ಇನ್ನೂ ಸುಲಭ, ಇನ್ನೂ ಅಗ್ಗ. ಬಣ್ಣ, ಗ್ರೇನ್ ಬಿಡಿ, ಕಥೆಗೇ ಕೈ ಹಾಕುತ್ತಿದ್ದಾರೆ. ಧನುಷ್ ನಟಿಸಿದ ‘ರಾಂಝಣಾ’ದ ತಮಿಳು ಪ್ರತಿ ‘ಅಂಬಿಕಾಪತಿ’ಯನ್ನು 2025ರ ಆಗಸ್ಟ್‌ನಲ್ಲಿ ಮತ್ತೆ ಬಿಡುಗಡೆ ಮಾಡುವಾಗ ಎ.ಐ.ನಿಂದ ಕೊನೆಯನ್ನೇ ಬದಲಿಸಿ, ಸಾಯುವ ನಾಯಕನನ್ನು ಬದುಕಿಸಿದರು. ನಿರ್ದೇಶಕ ಆನಂದ್ ಎಲ್. ರಾಯ್ ಬೇಡ ಅಂದರು, ಧನುಷ್ ಬೇಡ ಅಂದರು, ಕೇಳುವವರಿರಲಿಲ್ಲ. ನಾಳೆ ನಮ್ಮ ಯಾವುದೋ ಹಳೇ ಸಿನಿಮಾದ ಕೊನೆ ಜನರಿಗೆ ಹಿಡಿಸಲ್ಲ ಅಂತ ಹೀಗೇ ಮಾಡಿದರೆ? ಪುಟ್ಟಣ್ಣನವರ ಸಿನಿಮಾಗಳ ಕೊನೆ ನೆನಪಿಸಿಕೊಳ್ಳಿ, ನನಗಂತೂ ಯೋಚಿಸಿದರೇ ಸಂಕಟವಾಗುತ್ತದೆ.

ಟೀವಿ ಮಾರುವವರಿಗೂ ಒಂದು ಮಾತು ಹೇಳಬೇಕು. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಅಂತ ಬಣ್ಣ ಜಾಸ್ತಿ ಮಾಡಿ, ಚಲನೆ ನುಣ್ಣಗೆ ಮಾಡುವ ಸೆಟ್ಟಿಂಗ್ ಹಾಕಿಟ್ಟಿರುತ್ತಾರೆ, ಮನೆಗೆ ಬಂದ ಮೇಲೂ ಅದು ಹಾಗೇ ಉಳಿಯುತ್ತದೆ. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾಕ್ಕೆ ಟೀವಿಯೇ ಮಧ್ಯದಲ್ಲಿ ಫ್ರೇಮ್ ಹುಟ್ಟಿಸಿದರೆ ಯಾವ ಸಿನಿಮಾ ಆದರೂ ಧಾರಾವಾಹಿ ಥರ ಕಾಣುತ್ತದೆ. ಇದನ್ನು ಆಫ್ ಮಾಡಿ ಅಂತ ಟಾಮ್ ಕ್ರೂಸ್ 2018ರಲ್ಲೇ ವಿಡಿಯೋ ಮಾಡಿ ಕೇಳಿಕೊಂಡಿದ್ದರು. ಈಗಿನ ಎಷ್ಟೋ ಟೀವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತ ಇದೆ, ಒಂದು ಸಲ ಅದರಲ್ಲಿ ಹಾಕಿ ನೋಡಿ.

ಸಂಪಾದಕರೇ, ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಇನ್ನು ಮುಂದೆ ಯಾವುದೇ ಹಳೇ ಕನ್ನಡ ಸಿನಿಮಾ 4ಕೆಯಲ್ಲಿ ಬರುತ್ತಿದೆ ಅಂತ ಸುದ್ದಿ ಹಾಕುವಾಗ ನಿಮ್ಮ ವರದಿಗಾರರು ಪೋಸ್ಟರ್ ಮತ್ತು ಟ್ರೇಲರ್ ಬಗ್ಗೆ ಮಾತ್ರ ಬರೆಯದೆ ನಿರ್ಮಾಪಕರನ್ನು ಇಷ್ಟು ಕೇಳಲಿ. ಸ್ಕ್ಯಾನ್ ಮಾಡಿದ್ದು ಮೂಲ ನೆಗೆಟಿವ್‌ನಿಂದಲೋ, ಯಾವುದೋ ಪ್ರಿಂಟ್‌ನಿಂದಲೋ, ಇಲ್ಲಾ ಹಳೇ ವಿಡಿಯೋ ಟೇಪನ್ನೇ ಹಿಗ್ಗಿಸಿ 4ಕೆ ಅನ್ನುತ್ತಿದ್ದಾರೋ? ನಿರ್ದೇಶಕರು, ಕ್ಯಾಮೆರಾಮನ್ ಇದ್ದರೆ ಅವರನ್ನು ಕೂರಿಸಿಕೊಂಡು ಬಣ್ಣ ನೋಡಿಸಿದರಾ? ಸದ್ದು ಬದಲಿಸಿದ್ದರೆ ಹಳೇ ಸೌಂಡ್‌ಟ್ರ್ಯಾಕ್ ಕೂಡ ಕೊಡುತ್ತಾರಾ? ಪುಣೆಯ ಫಿಲ್ಮ್ ಆರ್ಕೈವ್‌ಗೆ ತಿದ್ದದ ಒಂದು ಪ್ರತಿ ಕೊಟ್ಟಿದ್ದಾರಾ? ಬಂದ ಉತ್ತರವನ್ನು ಹಾಗೇ ಅಚ್ಚು ಹಾಕಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತ ಅಚ್ಚು ಹಾಕಿ. ಟಿಕೆಟ್ ತಗೊಳ್ಳಬೇಕೋ ಬೇಡವೋ ಅಂತ ನಾವು ಅದನ್ನು ನೋಡಿಕೊಂಡೇ ತೀರ್ಮಾನ ಮಾಡುತ್ತೇವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಹಾಸನ